ಒಂಬತ್ತನೇ ಕುಂಡಕ್ಕೆ ಕಳೆ ಬಂದಿದೆ

"ನನ್ನ ಗಿಡ ಎಲ್ಲಿ?"

ಚೂಟಿಯ ಕೂಗಿಗೆ ಗ್ರಂಥಾಲಯದ ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಆಚೆ ಹಾರಿತು. ಒಂಬತ್ತನೇ ಕುಂಡದಲ್ಲಿ ಎಲೆ ಇರಲಿಲ್ಲ, ಕಡ್ಡಿ ಇರಲಿಲ್ಲ, ಬರೀ ಮಣ್ಣಿತ್ತು. ಅದನ್ನೂ ಯಾರೋ ನುಣ್ಣಗೆ ಕೆದಕಿ, ನೀರು ಚಿಮುಕಿಸಿ, ಒಪ್ಪವಾಗಿ ಇಟ್ಟಿದ್ದರು. ಅದನ್ನು ನೋಡಿ ಚೂಟಿಗೆ ಇನ್ನಷ್ಟು ಮೈ ಉರಿಯಿತು.

"ಯಾವ ಗಿಡ ಪುಟ್ಟ?" ಎಂದರು ನರ್ಸ್ ಆಂಟಿ, ಕೈಯಲ್ಲಿದ್ದ ನೀರಿನ ಕ್ಯಾನ್ ಕೆಳಗಿಡದೆ.

"ನಂದು! ಹೆಸರಿಲ್ಲದ್ದು!"

ಗ್ರಂಥಾಲಯದ ಹಿಂದಿನ ಖಾಲಿ ಜಾಗದಲ್ಲಿ ತೋಟದ ಕ್ಲಬ್ ನಡೆಸುವವರು ಚೂಟಿಯ ಅಜ್ಜಿ. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೆರಡು ಜನ ಸೇರುತ್ತಾರೆ. ಗುದ್ದಲಿ ಹಿಡಿಯುವುದಕ್ಕಿಂತ ವಾದ ಮಾಡುವುದೇ ಹೆಚ್ಚು. ಟೊಮೇಟೊಗೆ ನೀರು ಬೆಳಿಗ್ಗೆ ಹಾಕಬೇಕೋ ಸಂಜೆ ಹಾಕಬೇಕೋ ಎಂದು ಮೂರು ವಾರದಿಂದ ಜಗ್ಗಾಡುತ್ತಿದ್ದರು. ಪಾಪ, ಆ ಟೊಮೇಟೊ ತನ್ನ ಪಾಡಿಗೆ ತಾನು ಹಣ್ಣಾಗಿ ಉದುರಿಯೂ ಹೋಯಿತು. ಇವರ ಸಹವಾಸವೇ ಸಾಕಪ್ಪ ಎನಿಸಿತ್ತು ಚೂಟಿಗೆ. ಆದರೆ ಅಜ್ಜಿ ಬಿಡಬೇಕಲ್ಲ!

ಎರಡು ತಿಂಗಳ ಹಿಂದೆ ಬೀಜದ ಡಬ್ಬಿಯ ತಳದಲ್ಲಿ ಒಂದು ಹಳೆಯ ಪೊಟ್ಟಣ ಸಿಕ್ಕಿತ್ತು. ಮೇಲೆ ಬರೆದಿದ್ದ ಹೆಸರು ಅಳಿಸಿಹೋಗಿತ್ತು. ಒಳಗೆ ಒಂದೇ ಒಂದು ಬೀಜ. "ಮೊಳೆಯೋದಿಲ್ಲ, ಬಿಸಾಕು" ಎಂದರು ಎಲ್ಲರೂ. ಇಡೀ ಕ್ಲಬ್ ಒಮ್ಮತದಿಂದ ಹೇಳಿದ ಮಾತು ಅದೊಂದೇ. ಅದಕ್ಕೇ ಚೂಟಿ ಹಠ ಹಿಡಿದು ಬಿತ್ತಿದಳು. ಸ್ಕೂಲಿನಿಂದ ಬರುವಾಗ ದಿನವೂ ನೀರು ಹಾಕಿದಳು. ಗಿಡ ಬಂತು. ನೂಲಿನಂಥ ಎಲೆ, ಬಡಕಲು ಮೈ, ಹಳದಿ ಬಣ್ಣ. ಯಾವ ಹೂವು ಬಿಡುತ್ತದೆ ಎಂದು ನೋಡಲೇಬೇಕು ಎಂಬುದೊಂದೇ ಅವಳ ಆಸೆ. ಗುರುವಾರ ನೋಡಿದರೆ ಗಿಡ ಹಚ್ಚಗೆ, ನೆಟ್ಟಗೆ ನಿಂತಿತ್ತು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು!

ಈಗ ಭಾನುವಾರ. ಈಗ ಬರೀ ಮಣ್ಣು.

"ಕೂಗಾಡ್ಬೇಡ, ಪುಸ್ತಕ ನೋಡೋಣ" ಎಂದರು ಅಜ್ಜಿ.

ಕ್ಲಬ್ಬಿನ ಪುಸ್ತಕ ಬಾಗಿಲ ಹಿಂದೆ ದಾರಕ್ಕೆ ನೇತಾಡುತ್ತಿರುತ್ತದೆ. ಯಾವ ಕುಂಡಕ್ಕೆ ಏನಾಗಿದೆ ಎಂದು ಕಂಡವರು ಬರೆಯಬೇಕು. ಕೆಲಸ ಮಾಡಿದವರು ಪಕ್ಕದಲ್ಲಿ ರೈಟ್ ಹಾಕಿ ಸಹಿ ಮಾಡಬೇಕು. ಗುರುವಾರ ಚೂಟಿ ಬರೆದ ಸಾಲಿನ ಪಕ್ಕ ಅಂಗೈ ಅಗಲದ ರೈಟ್ ಮಾರ್ಕ್ ಇತ್ತು. ಅದರ ಕೆಳಗೆ ಡ್ರೈವರ್ ಮಾಮನ ಸಹಿ.

ಡ್ರೈವರ್ ಮಾಮ ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. ಕ್ಲಬ್ಬಿಗೆ ಸೇರಿ ಒಂದು ತಿಂಗಳಾಗಿತ್ತು. ಯಾವ ಕೆಲಸ ಹೇಳಿದರೂ "ನಾಳೆ ಮಾಡಿದ್ರಾಯ್ತು ಬಿಡಿ" ಎನ್ನುವ ಆಸಾಮಿ.

"ಮಾಮ! ನನ್ನ ಗಿಡ ಕಿತ್ರಾ?"

ನೆರಳಲ್ಲಿ ಕೂತಿದ್ದ ಮಾಮ ಖುಷಿಯಿಂದಲೇ ಎದ್ದು ಬಂದರು. "ಗಿಡ ಅಲ್ಲಮ್ಮ, ಕಳೆ. ನೀನೇ ಬರ್ದಿದ್ಯಲ್ಲ! ನಿನ್ನೆ ಸಂಜೆ ಬೇರು ಸಮೇತ ತೆಗ್ದೆ. ಇನ್ನು ಹುಟ್ಟೋ ಚಾನ್ಸೇ ಇಲ್ಲ."

ಅಜ್ಜಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಒಂಬತ್ತನೇ ಕುಂಡಕ್ಕೆ ಕಳೆ ಬಂದಿದೆ. ಎಲ್ಲರೂ ಬೇಗ ಗಮನಿಸಿ."

ನರ್ಸ್ ಆಂಟಿ ಕ್ಯಾನಿನ ಹಿಂದೆ ಮುಖ ಮರೆಸಿಕೊಂಡು ನಕ್ಕರು.

"ಆ ಕಳೆ ಅಲ್ಲ!" ಚೂಟಿ ಹಣೆ ಚಚ್ಚಿಕೊಂಡಳು. "ಜ್ವರ ಬಿಟ್ಟಾಗ ಅಜ್ಜಿ ಹೇಳ್ತಾರಲ್ಲ, ಈಗ ಮುಖಕ್ಕೆ ಕಳೆ ಬಂತು ಅಂತ. ಆ ಕಳೆ! ಗಿಡ ಚೆನ್ನಾಗ್ ಕಾಣ್ತಿದೆ, ಬಂದು ನೋಡಿ ಅಂತ ಬರ್ದೆ!"

"ತೋಟದ ಪುಸ್ತಕದಲ್ಲಿ ಕಳೆ ಅಂತ ಬರೆದ್ರೆ ಯಾರಾದ್ರೂ ಇನ್ನೇನು ತಿಳ್ಕೊತಾರೆ?" ಎಂದರು ನರ್ಸ್ ಆಂಟಿ.

"ಯಾಕೆ, ಗಿಡಕ್ಕೆ ಕಳೆ ಬರಬಾರ್ದಾ?" ಎಂದರು ಅಜ್ಜಿ.

ಶುರುವಾಯಿತು! ಹನ್ನೊಂದು ಜನ ಎರಡು ಗುಂಪಾದರು. ಕಳೆ ಎಂದರೆ ಯಾವ ಕಳೆ ಎಂದು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಚೂಟಿಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು.

"ವಾದ ಆಮೇಲೆ ಮಾಡಿ! ಕಿತ್ತಿದ್ದನ್ನ ಎಲ್ಲಿ ಹಾಕಿದ್ರಿ?"

"ಗೊಬ್ಬರದ ಗುಂಡಿಗೆ" ಎಂದರು ಮಾಮ. ಅವರ ಮುಖ ಆಗಲೇ ಬಾಡಿತ್ತು.

ಯಾರೂ ಹೇಳದಿದ್ದರೂ ಮಾಮ ಗುಂಡಿಯ ಪಕ್ಕ ಮಂಡಿಯೂರಿದರು. ಮೊಣಕೈವರೆಗೂ ಕೈ ಇಳಿಸಿ, ಕೊಳೆತ ಎಲೆ, ಸಿಪ್ಪೆ, ಹುಲ್ಲು ಎಲ್ಲವನ್ನೂ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಹೊಸ ಅಂಗಿಯ ತೋಳು ಕಪ್ಪಾಯಿತು. ಕೊನೆಗೆ ಅಂಗೈ ಮೇಲೆ ಏನನ್ನೋ ಮಲಗಿಸಿಕೊಂಡು ಮೇಲೆತ್ತಿದರು.

ಎಲೆಗಳು ಜೋತುಬಿದ್ದಿದ್ದವು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಮಾತ್ರ ಹಾಗೇ ಇತ್ತು.

ಚೂಟಿ ಅದನ್ನು ಕುಂಡದಲ್ಲಿ ನೆಟ್ಟು, ಬಿಸಿಲು ಬೀಳದಂತೆ ಬುಟ್ಟಿ ಕವುಚಿದಳು.

"ಬೇರು ಹಸಿಯಾಗಿದೆ, ಉಳಿಯುತ್ತೆ" ಎಂದರು ನರ್ಸ್ ಆಂಟಿ.

"ಎಲೆ ಬಾಡಿದೆ, ಕಷ್ಟ" ಎಂದರು ಅಜ್ಜಿ. ಮತ್ತೆ ಎರಡು ಗುಂಪಾಯಿತು.

ಇವರಿಗೆಲ್ಲ ಬಾಯಿಗೆ ಬೀಗ ಹಾಕಬೇಕು ಎಂದುಕೊಳ್ಳುತ್ತ ಚೂಟಿ ಪುಸ್ತಕ ಕಿತ್ತುಕೊಂಡಳು. 'ಒಂಬತ್ತನೇ ಕುಂಡ ಮುಟ್ಟಬೇಡಿ' ಎಂದು ಬರೆಯಬೇಕಿತ್ತು. ಸಿಟ್ಟಿನಲ್ಲಿ ಹಾಳೆ ಹಿಂದೆ ಮುಂದೆ ತಿರುಗಿಸಿದಳು. ಒಂದು ತಿಂಗಳ ಪುಟಗಳಲ್ಲಿ ಎಲ್ಲರ ಸಹಿಯೂ ಇತ್ತು. ಡ್ರೈವರ್ ಮಾಮನದು ಇದ್ದದ್ದು ಒಂದೇ ಕಡೆ, ಅವಳ ಸಾಲಿನ ಪಕ್ಕ.

ಮಾಮ ನಲ್ಲಿಯ ಹತ್ತಿರ ತೋಳು ಉಜ್ಜಿಕೊಳ್ಳುತ್ತಿದ್ದರು. ಚೂಟಿ ದುರುಗುಟ್ಟುತ್ತಲೇ ಹೋದಳು.

"ಯಾವ್ ಕೆಲ್ಸಾನೂ ಮಾಡದವ್ರು ನಂದೊಂದೇ ಯಾಕೆ ಮಾಡಕ್ ಹೋದ್ರಿ?"

ಮಾಮ ಸುತ್ತಮುತ್ತ ನೋಡಿದರು. ದನಿ ತಗ್ಗಿಸಿದರು.

"ನಂಗೆ ಯಾವ್ದು ಗಿಡ, ಯಾವ್ದು ಕಳೆ ಅಂತ ಗೊತ್ತಾಗಲ್ಲಮ್ಮ. ಎಲ್ಲಾ ಹಸಿರೇ. ಕೇಳಿದ್ರೆ ಇವರೆಲ್ಲ ನಗ್ತಾರೆ. ಅದಕ್ಕೇ ನಾಳೆ, ನಾಳೆ ಅಂತ ತಳ್ತಿದ್ದೆ." ಅವರು ನಲ್ಲಿ ನಿಲ್ಲಿಸಿದರು. "ನಿನ್ನ ಕುಂಡದಲ್ಲಿ ಇದ್ದಿದ್ದೇ ಒಂದು. ಇಲ್ಲಿ ತಪ್ಪೋದಕ್ಕೆ ಚಾನ್ಸೇ ಇಲ್ಲ ಅಂದ್ಕೊಂಡೆ."

ಆ ದೊಡ್ಡ ರೈಟ್ ಮಾರ್ಕ್ ಚೂಟಿಯ ಕಣ್ಣ ಮುಂದೆ ಬಂತು. ಕ್ಲಾಸಿನಲ್ಲಿ ಭಾಗಾಕಾರ ಬಾರದಿದ್ದಾಗ ಅವಳೂ ಹೀಗೇ, ಮನೆಯಲ್ಲಿ ಮಾಡ್ತೀನಿ ಮಿಸ್ ಎಂದು ಪುಸ್ತಕ ಮುಚ್ಚಿಬಿಡುತ್ತಿದ್ದಳು.

"ಬನ್ನಿ ಇಲ್ಲಿ" ಎಂದಳು. ದನಿ ಇನ್ನೂ ಒರಟಾಗಿಯೇ ಇತ್ತು.

ಇಬ್ಬರೂ ನಾಲ್ಕನೇ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಆಚೆ ವಾದ ಜೋರಾಗಿಯೇ ನಡೆದಿತ್ತು. ಈ ಕಡೆ ಯಾರೂ ನೋಡುತ್ತಿರಲಿಲ್ಲ.

"ಇದು ಗಿಡ. ಎಲೆ ಉಜ್ಜಿ, ಮೂಸಿ ನೋಡಿ" ಎಂದು ಚೂಟಿ ಪಿಸುಗುಟ್ಟಿದಳು. "ಇದು ಕಳೆ. ಕೀಳಿ."

ಮಾಮ ಉಸಿರು ಬಿಗಿಹಿಡಿದು ಕೈ ಚಾಚಿದರು.

"ಅಯ್ಯೋ, ಅದಲ್ಲ! ಅದು ಟೊಮೇಟೊ!"

ಮಾಮ ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಚೂಟಿ ನಿಟ್ಟುಸಿರು ಬಿಟ್ಟು, ಅವರ ಒದ್ದೆ ಬೆರಳು ಹಿಡಿದು ಪಕ್ಕದ ಎಲೆಯ ಮೇಲಿಟ್ಟಳು.

"ಇದು. ನಿಧಾನ. ನಂಗೇನೂ ಅರ್ಜೆಂಟಿಲ್ಲ."