ಮರದಯ್ಯನ ಮೊಣಕಾಲು

ಏಳು ಹೊಳೆ ದಾಟಿದರೆ ಸಿಗುವ, ಎಂಟನೆಯದನ್ನೂ ದಾಟಿದರೆ ತಪ್ಪಿಹೋಗುವ ರಾಜ್ಯವೊಂದು ಬಹಳ ಹಿಂದೆ ಇತ್ತು. ಹೆಸರು ಮಬ್ಬುಗಿರಿ. ಅಲ್ಲಿಯೂ ಬಿಸಿಲು ಬರುತ್ತಿತ್ತು, ಆದರೆ ಕೂರುತ್ತಿರಲಿಲ್ಲ. ಆ ರಾಜ್ಯದ ತುದಿಯಲ್ಲಿ ಕಿರುಗವಿ ಎಂಬ ಊರು. ಊರಿಗೊಂದು ಹಳೆಯ ವಿಹಾರ, ವಿಹಾರದೊಳಗೆ ಮರದಲ್ಲಿ ಕಡೆದ ಒಬ್ಬ ಬುದ್ಧ. ಊರವರು ಅವನನ್ನು ಮರದಯ್ಯ ಎಂದು ಕರೆಯುತ್ತಿದ್ದರು.

ಮನೆಯಲ್ಲಿ ಸಾವಾದರೆ ಬಂದು ಮರದಯ್ಯನ ಮೊಣಕಾಲಿನ ಮೇಲೆ ಕೈಯಿಡುವುದು ಅಲ್ಲಿಯ ಪದ್ಧತಿ. ಪಕ್ಕದಲ್ಲಿ ನಿಂತವರು, "ನಿಮ್ಮವರು ಯಾರು ಹೋದರು?" ಎಂದು ಕೇಳಬೇಕು. ಹೆಣ ಹೊತ್ತವರೇ ಆಗಿದ್ದರೂ ಕೇಳಬೇಕು. ಹೆಸರು ಹೇಳಿದೊಡನೆ ಅಳು ಬರುತ್ತಿತ್ತು, ದುಃಖ ಅಂಗೈಯಿಂದ ಇಳಿದು ಮರಕ್ಕೆ ಸೇರುತ್ತಿತ್ತು. ಎಷ್ಟೋ ತಲೆಮಾರಿನ ಕೈ ತಗಲಿ ಆ ಮೊಣಕಾಲು ಬಟ್ಟಲಿನಂತೆ ಸವೆದಿತ್ತು. ಇಳಿಯದೆ ಉಳಿದ ದುಃಖ ಮಾತ್ರ ಮನುಷ್ಯರನ್ನು ಪಾದದಿಂದ ಮೇಲಕ್ಕೆ ಮರವಾಗಿಸುತ್ತಿತ್ತು. ಆ ಸೀಮೆಯ ಗುಣವೇ ಹಾಗೆ.

ರಾಜಧಾನಿಯಲ್ಲಿ ಕಾಲಮಿತ್ರ ಎಂಬ ಮಾಂತ್ರಿಕನಿದ್ದ. ಮುನ್ನೂರು ವರ್ಷದಿಂದ ಅವನಿಗೆ ವಯಸ್ಸಾಗಿರಲಿಲ್ಲ. ವಯಸ್ಸಾಗದವರಿಗೆ ಹಳೆಯ ವಸ್ತುಗಳ ಮೇಲೆ ಬಲು ಪ್ರೀತಿ. ಅವನು ವಿಹಾರಗಳಿಂದ ಮರದ ಬುದ್ಧರನ್ನು ತಂದು ಅರಮನೆಯಂಥ ಮನೆಯಲ್ಲಿ ಸಾಲಾಗಿ ನಿಲ್ಲಿಸಿದ್ದ. ಒಂದೊಂದರ ಎದೆಗೂ ಒಂದು ಚೀಟಿ: 'ಬುದ್ಧ, ಮರ. ಊರು ತಿಳಿಯದು.' ಚೀಟಿ ಹತ್ತಿದ ಕೂಡಲೇ ವಿಗ್ರಹ ತನ್ನ ಊರನ್ನು ಮರೆಯುತ್ತಿತ್ತು. ಅದೇ ಅವನ ಮಂತ್ರ. ಕದ್ದ ವಸ್ತುವಿಗೆ ಮಾತ್ರ ಈ ಮಂತ್ರ ನಾಟುತ್ತಿರಲಿಲ್ಲ. ಊರವರೇ ಕೈಯೆತ್ತಿ ಕೊಡಬೇಕಾಗಿತ್ತು. ಮಾಂತ್ರಿಕರಿಗೂ ಒಂದು ಮರ್ಯಾದೆ ಇದೆ.

ಆದ್ದರಿಂದ ಅವನ ಆಳುಗಳು ಕಿರುಗವಿಗೆ ಬಂದು, ಕಣ್ಣಿಗೆ ಈರುಳ್ಳಿ ಉಜ್ಜಿಕೊಂಡು, "ನಮ್ಮ ಒಡೆಯರು ದುಃಖದಲ್ಲಿದ್ದಾರೆ. ಏಳಲಾರರು, ಬರಲಾರರು. ಮರದಯ್ಯನನ್ನೇ ಕಳಿಸಿಕೊಡಿ," ಎಂದರು.

ದುಃಖಪಟ್ಟವರಿಗೆ ಇಲ್ಲ ಎನ್ನುವ ಪದ್ಧತಿ ಕಿರುಗವಿಯಲ್ಲಿರಲಿಲ್ಲ. ಊರವರೇ ಹೆಗಲು ಕೊಟ್ಟು ಮರದಯ್ಯನನ್ನು ಗಾಡಿಗೇರಿಸಿದರು. ಅಲುಗದಿರಲಿ ಎಂದು ಹುಲ್ಲನ್ನೂ ತುಂಬಿದರು. "ಒಡೆಯರು ಸಮಾಧಾನ ಆಗುವವರೆಗೆ ಇಟ್ಟುಕೊಳ್ಳಲಿ. ಅವಸರವಿಲ್ಲ," ಎಂದ ಹಿರಿಯ ಕಸ್ಸಪಜ್ಜ.

ಅವಸರ ಮರುತಿಂಗಳೇ ಬಂತು. ಸೋಣವ್ವನ ಮಗ ನಂದಕ ಹೊಳೆಯಲ್ಲಿ ಮುಳುಗಿಹೋದ. ಸೋಣವ್ವ ವಿಹಾರಕ್ಕೆ ಹೋಗಿ, ಬರಿಯ ಪೀಠವನ್ನು ನೋಡಿ, ಮನೆಗೆ ಬಂದು ಹೊಸ್ತಿಲಲ್ಲಿ ಕುಳಿತಳು. ಅಳು ಬರಲಿಲ್ಲ. ಮೊದಲು ಪಾದ ಮರವಾಯಿತು, ಆಮೇಲೆ ಮೊಣಕಾಲು, ಆಮೇಲೆ ಸೊಂಟ.

ಮಗಳು ಪದುಮೆ ಬುತ್ತಿ ಕಟ್ಟಿಕೊಂಡಳು. "ಅವ್ವಾ, ಎದೆಗೆ ಏರುವುದರೊಳಗೆ ಬರುತ್ತೇನೆ."

"ನಿಧಾನಕ್ಕೆ ಬಾ. ನಾನಂತೂ ಎಲ್ಲಿಗೂ ಹೋಗುವುದಿಲ್ಲ," ಎಂದಳು ಸೋಣವ್ವ.

ಕಾಲಮಿತ್ರನ ಬಾಗಿಲಲ್ಲಿ ಎರಡು ಮರದ ಸಿಂಹಗಳಿದ್ದವು. ಕರೆಯದೆ ಬಂದವರನ್ನು ತಿನ್ನುವುದು ಅವುಗಳ ಕೆಲಸ. "ಯಾರು ನೀನು?" ಎಂದು ಬಾಯಿ ತೆರೆದವು. ಪದುಮೆ ಅವುಗಳ ಮುಖ ನೋಡಿದಳು. ಅಂಥ ಮುಖ ಕಂಡರೆ ಕಿರುಗವಿಯವರ ಬಾಯಿಂದ ಬರುವ ಮಾತು ಒಂದೇ.

"ಅಣ್ಣಗಳಿರಾ, ನಿಮ್ಮವರು ಯಾರು ಹೋದರು?"

ಸಿಂಹಗಳು ಒಂದನ್ನೊಂದು ನೋಡಿಕೊಂಡವು. "ನಮ್ಮ ಬಾಗಿಲು ಹೋಯಿತು," ಎಂದಿತು ಒಂದು. "ನಾವು ಕಾಯುತ್ತಿದ್ದದ್ದು ಬೇರೆ ಬಾಗಿಲು. ಇದು ಯಾರದೋ." ಹೇಳಿ ಎರಡೂ ಅತ್ತವು. ಅಳುತ್ತಲೇ ದಾರಿ ಬಿಟ್ಟವು.

ಒಳಗೆ ಊಟದ ಸಾಲೆ. ಗೋಡೆಯ ತುಂಬ ಬುದ್ಧರ ತಲೆಗಳು, ಬರಿಯ ತಲೆಗಳು. ತಲೆಯಿದ್ದರೆ ಸಾಕು, ಮೈ ಸುಮ್ಮನೆ ಜಾಗ ತಿನ್ನುತ್ತದೆ ಎಂಬುದು ರಸಿಕರ ಅಭಿಪ್ರಾಯವಾಗಿತ್ತು. ಅತಿಥಿಗಳು ಮಾಂಸ ಕಡಿಯುತ್ತಾ, "ಆಹಾ, ಎಂಥ ಶಾಂತಿ ಈ ಮುಖದಲ್ಲಿ," ಎನ್ನುತ್ತಿದ್ದರು. ಹೊಸಬರು ಬಂದರೆ ಕೂಗಿಕೊಳ್ಳುವಂತೆ ತಲೆಗಳಿಗೆ ಅಪ್ಪಣೆಯಾಗಿತ್ತು. ಅವು ಉಸಿರೆಳೆದುಕೊಂಡವು.

"ನಿಮ್ಮವರು ಯಾರು ಹೋದರು?" ಎಂದಳು ಪದುಮೆ.

"ನಮ್ಮ ಕೈ," ಎಂದಿತು ಒಂದು ತಲೆ. "ನನ್ನ ಮೈ ಯಾರ ಮನೆಯಲ್ಲೋ ದೀಪದ ಕಂಬವಾಗಿದೆಯಂತೆ," ಎಂದಿತು ಇನ್ನೊಂದು. ಎಳೆದುಕೊಂಡ ಉಸಿರು ಅಳುವಿಗೆ ಖರ್ಚಾಯಿತು. ಕೂಗುವುದಕ್ಕೆ ಉಳಿಯಲಿಲ್ಲ.

ಕೊನೆಯ ಕೋಣೆಯಲ್ಲಿ ಮರದಯ್ಯನಿದ್ದ, ಎದುರಿಗೆ ಕಾಲಮಿತ್ರನಿದ್ದ. ಕೈಗಳಿಗೆ ರೇಷ್ಮೆಯ ಗವಸು. ಅವನು ತನ್ನ ಸಂಗ್ರಹವನ್ನು ಬರಿಗೈಯಲ್ಲಿ ಎಂದೂ ಮುಟ್ಟಿದವನಲ್ಲ.

"ಒಡೆಯರೇ, ನಮ್ಮ ಅಯ್ಯನನ್ನು ಕೊಡಿ. ಅವ್ವ ಸೊಂಟದವರೆಗೆ ಮರವಾಗಿದ್ದಾಳೆ."

"ಸೊಂಟದವರೆಗೆ ಎಂದೆಯಾ?" ಕಾಲಮಿತ್ರ ಮೊದಲ ಸಲ ತಿರುಗಿ ನೋಡಿದ. "ಕುಳಿತ ಭಂಗಿಯೋ, ನಿಂತದ್ದೋ?"

"ಕುಳಿತಿದ್ದಾಳೆ."

"ಪೂರ್ತಿಯಾದ ಮೇಲೆ ಹೇಳಿ ಕಳಿಸು. ಒಳ್ಳೆಯ ಜಾಗ ಕೊಡುತ್ತೇನೆ. ಇವನನ್ನು ಮಾತ್ರ ಕೊಡುವುದಿಲ್ಲ. ನಿಮ್ಮವರೇ ಕೈಯೆತ್ತಿ ಕೊಟ್ಟಿದ್ದಾರೆ."

"ಹೌದು. ನೀವು ದುಃಖದಲ್ಲಿದ್ದೀರಿ ಎಂದು ಕೊಟ್ಟೆವು. ದುಃಖವಿಲ್ಲದಿದ್ದರೆ ಸುಳ್ಳು ಹೇಳಿ ತಂದ ಹಾಗಾಯಿತು. ಅದು ಕದ್ದ ಹಾಗೆಯೇ. ದುಃಖವಿದ್ದರೆ ಕೈಯಿಡಿ, ಅತ್ತು ಮುಗಿಸಿ. ನಾನು ಕಾಯುತ್ತೇನೆ."

ಕಾಲಮಿತ್ರ ಯೋಚಿಸಿದ. ಕದ್ದದ್ದು ಎಂದಾದರೆ ಮಂತ್ರ ಕಳಚುತ್ತದೆ. ಮುಟ್ಟಿದರೆ ಏನಾದೀತು, ಬರಿಯ ಮರ. "ಮುನ್ನೂರು ವರ್ಷದಿಂದ ನನಗೆ ನೆಗಡಿಯೂ ಆಗಿಲ್ಲ, ಹುಡುಗಿ," ಎಂದು ರೇಷ್ಮೆಯ ಗವಸು ಕಳಚಿ, ಸವೆದ ಮೊಣಕಾಲಿನ ಮೇಲೆ ಕೈಯಿಟ್ಟ. ಅಂಗೈ ಆ ಹಳ್ಳದಲ್ಲಿ ಸರಿಯಾಗಿ ಕುಳಿತಿತು.

"ನಿಮ್ಮವರು ಯಾರು ಹೋದರು?"

"ನನಗೆ ಯಾರೂ..." ಎಂದು ಅವನು ನಿಲ್ಲಿಸಿದ. "ತಂಗಿಯೊಬ್ಬಳಿದ್ದಳು. ಜ್ವರ ಬಂದಿತ್ತು." ಸವೆದ ಮರವನ್ನು ಬೆರಳಿನಿಂದ ತಡವಿದ. "ಹೆಸರು ನೆನಪಾಗುತ್ತಿಲ್ಲ."

"ಆಗುತ್ತದೆ. ಕೈ ತೆಗೆಯಬೇಡಿ," ಎಂದು ಪದುಮೆ ಅವನ ಇನ್ನೊಂದು ಕೈ ಹಿಡಿದುಕೊಂಡಳು.

"ಚಿತ್ತೆ," ಎಂದ ಕಾಲಮಿತ್ರ. ಆಮೇಲೆ ಮುನ್ನೂರು ವರ್ಷದ ಅಳು ಬಂತು. ಕೂದಲು ಬೆಳ್ಳಗಾಯಿತು, ಹಲ್ಲು ಉದುರಿದವು, ಬೆನ್ನು ಬಾಗಿತು. ಮನೆಯ ತುಂಬ ಚೀಟಿಗಳು ಒಣಗಿದ ಎಲೆಗಳಂತೆ ಉದುರಿದವು. ಬುದ್ಧರೆಲ್ಲ ಊರು ನೆನಪಾಗಿ ಎದ್ದು ಹೊರಟರು. ತಲೆಗಳು ಉರುಳುತ್ತಾ ಮೈ ಹುಡುಕಲು ಹೋದವು. ಕೆಲವಕ್ಕೆ ಸಿಕ್ಕಿತು.

ಸಿಂಹಗಳು ಮರದಯ್ಯನನ್ನೂ ಪದುಮೆಯನ್ನೂ ಹೊತ್ತು ಓಡಿದವು. ಕಿರುಗವಿ ಮುಟ್ಟುವಾಗ ಸೋಣವ್ವ ಕುತ್ತಿಗೆಯವರೆಗೆ ಮರವಾಗಿದ್ದಳು. ಒಂದು ಅಂಗೈ ಮಾತ್ರ ಬೆಚ್ಚಗಿತ್ತು. ಮರದಯ್ಯನನ್ನು ಹೊಸ್ತಿಲಿಗೇ ತಂದು ಕೂರಿಸಿ, ಆ ಅಂಗೈಯನ್ನು ಮೊಣಕಾಲಿಗೆ ತಾಗಿಸಿದರು.

"ಅವ್ವಾ, ನಿಮ್ಮವರು ಯಾರು ಹೋದರು?" ಎಂದು ಕೇಳಿದಳು ಪದುಮೆ. ಹೋದವನು ಅವಳ ತಮ್ಮನೂ ಹೌದು.

"ನಂದಕ," ಎಂದಳು ಸೋಣವ್ವ.

ತಾಯಿ ಮಗಳು ಇಬ್ಬರೂ ಅತ್ತರು. ಕುತ್ತಿಗೆ ಸಡಿಲವಾಯಿತು, ಸೊಂಟ ಸಡಿಲವಾಯಿತು, ಪಾದಕ್ಕೆ ರಕ್ತ ಬಂತು. ಎಡಗಾಲಿನ ಕಿರುಬೆರಳೊಂದು ಮರವಾಗಿಯೇ ಉಳಿದಿತ್ತು. "ಇನ್ನೂ ಸ್ವಲ್ಪ ಅಳವ್ವಾ, ಅದೂ ಹೋಗುತ್ತದೆ," ಎಂದರು ಊರವರು. ಸೋಣವ್ವ ಕೈ ತೆಗೆದಳು. "ಸಾಕು. ಅಷ್ಟು ಅವನಿಗಿರಲಿ," ಎಂದಳು.

ಕಾಲಮಿತ್ರ ಎಲ್ಲರಂತೆ ಕೆಲವು ವರ್ಷ ಬದುಕಿ ಎಲ್ಲರಂತೆ ಸತ್ತ. ಅವನಿಗಾಗಿ ಅಳಲು ಇಬ್ಬರು ಬಂದಿದ್ದರು. ಮಾಂತ್ರಿಕರ ಲೆಕ್ಕದಲ್ಲಿ ಅದು ದೊಡ್ಡ ಜನಸಂದಣಿ. ಕಿರುಗವಿಯವರು ಸುಖವಾಗಿ ಬಾಳಿದರು. ಸೋಣವ್ವ ಒಲೆಯಿಂದ ಅಂಗಳಕ್ಕೆ, ಅಂಗಳದಿಂದ ಒಲೆಗೆ ಓಡಾಡುವಾಗ ಆ ಮರದ ಕಿರುಬೆರಳು ನೆಲಕ್ಕೆ ತಾಗಿ ಟಕ್ ಎಂದು ಸದ್ದಾಗುತ್ತಿತ್ತು. ಮನೆಯಲ್ಲಿ ಮೂವರಿದ್ದಾರೆ ಎಂದು ಆಗ ನೆರೆಯವರಿಗೆ ತಿಳಿಯುತ್ತಿತ್ತು.