ತಾನೇ ಹಿಂಜಿಕೊಳ್ಳುವ ಎಳೆ

ಮಧ್ಯಾಹ್ನ ಎರಡು ಗಂಟೆ. ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ, ಪರದೆ ಎಳೆದ ಕೋಣೆಯೊಳಗೆ ಸಿಂಚನಾ ಕಮ್ಮಾರ ಉಸಿರಿನ ಮಾಸ್ಕ್ ಹಾಕಿಕೊಂಡು ಮಲಗಿದ್ದಳು. ಇಪ್ಪತ್ತು ವರ್ಷ ರಾತ್ರಿಪಾಳಿಯಲ್ಲಿ ಗೂಡ್ಸ್ ರೈಲು ಓಡಿಸಿದ ದೇಹಕ್ಕೆ ಹಗಲೇ ನಿದ್ದೆಯ ಹೊತ್ತು. ಪಕ್ಕದ ಕೋಣೆಯಲ್ಲಿ ಡಾ. ಶಮೀಮ್ ನದಾಫ್ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಮಾಸ್ಕಿನ ಅಂಚಿಗೂ ಸಿಂಚನಾಳ ಚರ್ಮಕ್ಕೂ ನಡುವಿನ ತೆಳು ಪಟ್ಟಿ ಅಲ್ಲಿ ಸಾವಿರ ಪಟ್ಟು ದೊಡ್ಡದಾಗಿ ಕಾಣುತ್ತಿತ್ತು.

ಕೂದಲಿಗಿಂತಲೂ ಎಷ್ಟೋ ಸಣ್ಣ ಎಳೆಗಳು. ಮೂಗಿನ ಮೇಲೆ ಭಾರ ಹೊತ್ತಿದ್ದ ಒಂದು ಗುಂಪು ಮೆಲ್ಲಗೆ ಸಡಿಲಾಯಿತು. ಪಕ್ಕದ ಗುಂಪು ಎದ್ದು ಆ ಭಾರವನ್ನು ತಾನು ಹೊತ್ತುಕೊಂಡಿತು. ಗಾಳಿ ಒಂದಿಷ್ಟೂ ಸೋರಲಿಲ್ಲ. ನಾಲ್ಕು ನಿಮಿಷದ ನಂತರ ಮತ್ತೆ ಹಾಗೆಯೇ. ಗಾಳಿಗೆ ಜೋಳದ ಹೊಲ ಬಳುಕಿದಂತೆ ಆ ಅಲೆ ಮೂಗಿನಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಹರಿಯಿತು. ಶಮೀಮ್ ಕಣ್ಣು ಕೀಳದೆ ನೋಡಿದರು. ಇದನ್ನು ಮಾಡಿದವರು ತಾವೇ ಎಂದು ಅವರಿಗೆ ನಂಬಿಕೆಯೇ ಬರಲಿಲ್ಲ.

ಸಿಂಚನಾಳದು ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚಿಹೋಗುವ ಕಾಯಿಲೆ. ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತಿತ್ತು. ಮಾಸ್ಕಿನಿಂದ ಒತ್ತಡದ ಗಾಳಿ ಬಿಟ್ಟರೆ ದಾರಿ ತೆರೆದಿರುತ್ತದೆ. ೨೦೬೧ರಲ್ಲೂ ಅವಳಿಗೆ ಹೊಂದುವ ಬೇರೆ ಚಿಕಿತ್ಸೆ ಇರಲಿಲ್ಲ. ಆದರೆ ಬೆಲ್ಟು ಬಿಗಿದರೆ ಚರ್ಮ ಸುಲಿಯುತ್ತಿತ್ತು, ಸಡಿಲಿಸಿದರೆ ಗಾಳಿ ಸೋರುತ್ತಿತ್ತು. ಬೇಸತ್ತು ಅವಳು ಅದನ್ನು ಮೂಲೆಗಿಟ್ಟಳು. ಒಂದು ಬೆಳಿಗ್ಗೆ ಘಟ್ಟ ಇಳಿಯುವಾಗ ಆರು ಸೆಕೆಂಡು ಕಣ್ಣು ಮುಚ್ಚಿತು. ತಾನಾಗಿ ಬಿದ್ದ ಬ್ರೇಕು ಐವತ್ತೆಂಟು ಡಬ್ಬಿಗಳ ಗಾಡಿಯನ್ನು ನಿಲ್ಲಿಸಿತು. ಎಂಟು ವಾರ ಸರಿಯಾಗಿ ನಿದ್ದೆ ಮಾಡಿದ ದಾಖಲೆ ತಂದರಷ್ಟೇ ಮತ್ತೆ ಎಂಜಿನ್ ಹತ್ತಬಹುದು ಎಂದು ಮೇಲಿನವರು ಬರೆದರು.

ಹೀಗೆ ತಮ್ಮ ಬಳಿ ಬಂದ ಅವಳಿಗೆ ಶಮೀಮ್ ಮೊದಲು ಕೊಟ್ಟದ್ದು ಮಾಸ್ಕಿನ ಅಂಚಿಗೆ ಹಾಕುವ ತುಂಬ ಮೆತ್ತನೆಯ ಪಟ್ಟಿ. ಮೂರನೇ ದಿನ ಸಿಂಚನಾ ಕೆಂಪಾದ ಮೂಗಿನೊಂದಿಗೆ ಬಂದಳು.

"ಇದೂ ಕಚ್ಚತೈತ್ರಿ ಮೇಡಂ. ಸಿಟ್ಟಾಗಬ್ಯಾಡ್ರಿ, ನಿನ್ನೆ ತಗದಿಟ್ಟು ಮಲಗಿದ್ನಿ."

"ಸಿಟ್ಟ್ಯಾಕವ್ವ? ಎಲ್ಲಿ ಕಚ್ಚತೈತಿ, ಬೆರಳಿಟ್ಟು ತೋರಸು."

ಸಿಂಚನಾ ಬೆರಳಿಟ್ಟದ್ದು ಕಣ್ಣಿನ ಮಗ್ಗುಲಲ್ಲಿ. ಅಳತೆಯ ಪ್ರಕಾರ ಅತಿ ಕಡಿಮೆ ಒತ್ತಡವಿದ್ದ ಜಾಗ ಅದು.

"ಇಲ್ಲಿ ಭಾಳ ಒತ್ತಂಗಿಲ್ರಿ. ಆದ್ರ ಒಂದ್ ಗಳಿಗಿನೂ ಬಿಡಂಗಿಲ್ಲ."

ಶಮೀಮ್ ಪೆನ್ನು ಕೆಳಗಿಟ್ಟರು. ಹನ್ನೆರಡು ವರ್ಷ ಅವರು ಒತ್ತಡ ತಗ್ಗಿಸುವ ದಾರಿ ಹುಡುಕಿದ್ದರು. ಚರ್ಮ ಕೇಳುತ್ತಿದ್ದದ್ದು ಬಿಡುವನ್ನು. ಹಗುರ ಭಾರವಾದರೂ ಒಂದೇ ಕಡೆ ಗಂಟೆಗಟ್ಟಲೆ ಕೂತರೆ ಸಣ್ಣ ರಕ್ತನಾಳಗಳು ಮುಚ್ಚುತ್ತವೆ, ಬೆವರಿಗೆ ನೆನೆದ ಚರ್ಮ ತಿಕ್ಕಿ ಹುಣ್ಣಾಗುತ್ತದೆ. ಅವರಿಗೆ ಅಣ್ಣಿಗೇರಿಯಲ್ಲಿ ಗಾದಿ ಮಾಡುತ್ತಿದ್ದ ಅಜ್ಜನ ನೆನಪಾಯಿತು. ಮಲಗಿ ಮಲಗಿ ಗಂಟುಕಟ್ಟಿದ ಹತ್ತಿಯನ್ನು ಬಿಲ್ಲಿನ ಹೆದೆ ಮೀಟಿ ಹಿಂಜಿದರೆ ಅದು ಮತ್ತೆ ಅರಳುತ್ತಿತ್ತು. ಬೆಚ್ಚಗಾಗಿ, ತೇವವಾಗಿ ಚರ್ಮ ದಣಿಯುವ ಮೊದಲೇ ತನ್ನನ್ನು ತಾನು ಹಿಂಜಿಕೊಳ್ಳುವ ಎಳೆ ಬೇಕು. ರೇಷ್ಮೆಯಂಥ ಪ್ರೋಟೀನಿನಿಂದ ಅದನ್ನು ಹೆಣೆಯಲು ಐದು ತಿಂಗಳು ಹಿಡಿಯಿತು.

ಆ ಹೊಸ ಎಳೆಯ ಮಾಸ್ಕ್ ಹಾಕಿ ಮಲಗಿದ್ದ ಸಿಂಚನಾ ಸಂಜೆ ಎದ್ದಳು. ಆರೂವರೆ ಗಂಟೆಯ ನಿದ್ದೆ. ಮಾಸ್ಕ್ ತೆಗೆದು ಕನ್ನಡಿ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ. ಬೆರಳಿನಿಂದ ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

"ಕನಸು ಬಿತ್ರಿ ಮೇಡಂ," ಎಂದಳು. "ಎಷ್ಟ್ ವರ್ಷ ಆಗಿತ್ತೋ ಏನೋ."

"ಏನ್ ಕನಸವ್ವ?"

"ನಮ್ಮವ್ವ ಮಾಳಿಗಿ ಮ್ಯಾಲ ಶಾವಿಗಿ ಒಣಾ ಹಾಕತಿದ್ಲು. ಅಷ್ಟರಿ. ನಾ ಭಾಳ ಹೊತ್ತು ನೋಡಕೊಂತ ನಿಂತಿದ್ನಿ." ಅವಳ ಕಣ್ಣು ತುಂಬಿತು. ಶಮೀಮ್ ಅವಳ ಪಕ್ಕ ಹಾಸಿಗೆಯ ಮೇಲೆ ಕುಳಿತರು.

ಒಂಬತ್ತನೇ ವಾರ ಸಿಂಚನಾ ಎಂಜಿನ್ ಹತ್ತಿದಳು. ಮೂರು ವರ್ಷದಲ್ಲಿ ಆ ಎಳೆ ಕೃತಕ ಕಾಲಿನ ಒಳಗೆ, ಎದ್ದೇಳಲಾಗದವರ ಬೆನ್ನಡಿಗೆ, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಮೂಗಿನ ನಳಿಕೆಗೆ ಹೋಗಿ ಸೇರಿತು. ಅಂಥ ಕೂಸಿನ ತುಟಿಯ ಮೇಲೆ ಎಳೆಗಳು ಮಗ್ಗುಲು ಬದಲಿಸುವುದನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ಕಂಡು ದಾದಿಯರೂ ಕೆಲಸ ಮರೆತು ನಿಲ್ಲುತ್ತಿದ್ದರು.

ಆ ಮೂರನೇ ವರ್ಷ ಶಮೀಮ್ ಅವರ ವಿದ್ಯಾರ್ಥಿನಿ ಚಾರ್ವಿ, ಮುಚ್ಚಿಹೋದ ಆಸ್ಪತ್ರೆಯೊಂದರ ಹಳೆಯ ಕಡತಗಳನ್ನು ತಂದಳು. ಮಾಸ್ಕ್ ಬಿಟ್ಟುಬಿಟ್ಟ ನಾನೂರಕ್ಕೂ ಹೆಚ್ಚು ಜನರ ಹೆಸರು. ಪ್ರತಿಯೊಂದರ ಮುಂದೆಯೂ ಒಂದೇ ಷರಾ: 'ರೋಗಿ ಸಹಕರಿಸಲಿಲ್ಲ.'

"ಇವರೊಳಗ ಎಷ್ಟ್ ಮಂದಿ ಜೀವಂತ ಅದಾರ ಈಗ?"

"ಹತ್ತೊಂಬತ್ತು, ಮೇಡಂ."

ಶಮೀಮ್ ಮೊದಲ ಫೋನು ಮಾಡಿದ್ದು ಗದಗಿನ ಶಿದ್ರಾಮ ಗಾಣಿಗೇರರಿಗೆ. ವಯಸ್ಸು ಎಂಬತ್ಮೂರು. ಮಾಸ್ಕ್ ಯಾಕೆ ಬಿಟ್ಟಿರಿ, ಏನು ತೊಂದರೆ ಆಗುತ್ತಿತ್ತು ಎಂದು ಕೇಳಿದರು.

"ಈಗ ಕೇಳಾಕತ್ತೀರೇನ್ರಿ?" ಎಂದರು ಮುದುಕರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಶುರುಮಾಡಿದರು: ಎಲ್ಲಿ ಉರಿಯುತ್ತಿತ್ತು, ತಮ್ಮ ಅಂಗಡಿಗೆ ಬಂದವರು ಮುಖದ ಗಾಯ ನೋಡಿ ಏನಂದರು, ಡಾಕ್ಟರು ಬೈದ ಮೇಲೆ ಆಸ್ಪತ್ರೆಗೆ ಹೋಗುವುದನ್ನು ಹೇಗೆ ಬಿಟ್ಟರು. ಶಮೀಮ್ ನಡುವೆ ಬಾಯಿ ಹಾಕದೆ ಬರೆದುಕೊಳ್ಳುತ್ತ ಹೋದರು. ಅವರೆದುರು ತೆರೆದಿದ್ದ ಹಳೆಯ ಕಡತದ ಹಾಳೆಯಲ್ಲಿ, ಆ ಷರಾದ ಪಕ್ಕ, ತಾರೀಖು ಇತ್ತು: ಮಾರ್ಚ್, ೨೦೨೬.