ಗಾಳಿ ಬೀಸುವ ದಂಡೆ

"ಆ ಪಟ್ಟಿ ಬಿಚ್ಚಬೇಡಿ. ನಾನು ಕಟ್ಟಿದ್ದು."

ಹೆಲ್ಕಾ ತಿರುಗಿ ನೋಡಿದಳು. ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ್ದ ಎತ್ತರದ ಗಂಡಸು. ಅವಳ ತೋಳಿನ ಮೇಲೆ ನೀರು ಸೋರುವ ಚಿಂದಿ ಜಮಖಾನ. ಅದನ್ನು ಹರವಬೇಕಾದ ಕಂಬಕ್ಕೆ ಒಂದು ಕೆಂಪು ಬಟ್ಟೆಪಟ್ಟಿ ಕಟ್ಟಿತ್ತು.

"ಜಮಖಾನ ಒಣಗಿಸೋ ಕಂಬಕ್ಕೆ ಇದ್ಯಾಕೆ?"

"ಗಾಳಿ ಎತ್ತಲಿಂದ ಬರುತ್ತೆ ಅಂತ ನೋಡ್ತಿದೀನಿ."

"ನನ್ನ ಜಮಖಾನ ನೋಡಿದ್ರೂ ಗೊತ್ತಾಗುತ್ತೆ," ಎಂದು ಅವಳು ಪಟ್ಟಿ ಬಿಚ್ಚಿ ಅವನ ಕೈಗಿಟ್ಟಳು.

ಅವನು ನಕ್ಕ. ಆ ನಗು ಅವಳಿಗೆ ಇಷ್ಟವಾಯಿತು... ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅವನ ಹೆಸರು ತಾರ್ಮೊ, ದೋಣಿ ಕಟ್ಟುವವನು ಎಂದು ಪಕ್ಕದಲ್ಲಿ ಜಮಖಾನ ತಿಕ್ಕುತ್ತಿದ್ದ ಔನೆ ಅಜ್ಜಿ ಆಮೇಲೆ ಹೇಳಿದರು. ನಮ್ಮ ಹಾಪಲಹ್ತಿ ಊರಿನ ಸರೋವರದ ಉದ್ಯಾನದಲ್ಲಿ ಊರವರಿಗೆಲ್ಲ ಒಂದು ಹಾಯಿದೋಣಿ ಕೇಂದ್ರ ಕಟ್ಟುತ್ತಾನಂತೆ. ಸ್ವಂತ ದೋಣಿ ಇಲ್ಲದವರ ಮಕ್ಕಳೂ ನೀರಿಗಿಳಿಯಬೇಕಂತೆ.

ಒಳ್ಳೆಯದೇ. ಆದರೆ ಗಾಳಿ ಚೆನ್ನಾಗಿ ಬೀಸುವ ದಂಡೆ ಆ ಉದ್ಯಾನದಲ್ಲಿ ಇದೊಂದೇ. ಬೇಸಿಗೆಯೆಲ್ಲ ಊರ ಹೆಂಗಸರು ಜಮಖಾನ ಒಗೆದು ಒಣಹಾಕುವುದೂ ಇಲ್ಲೇ.

ಗಂಡನಿಂದ ಬೇರೆಯಾಗಿ ಈ ಊರಿಗೆ ಬಂದಾಗ ಹೆಲ್ಕಾಗೆ ಗುರುತಿನವರು ಒಬ್ಬರೂ ಇರಲಿಲ್ಲ. ಈ ಒಗೆಯುವ ಕಟ್ಟೆಯ ಹೆಂಗಸರು ಮಾತ್ರ ಅವಳನ್ನು ಏನೂ ಕೇಳದೆ ತಮ್ಮ ಕಾಫಿಯಲ್ಲಿ ಅರ್ಧ ಕೊಟ್ಟಿದ್ದರು. ಇದೂ ಹೋದರೆ ನಾನು ಮತ್ತೆ ಎಲ್ಲಿಂದ ಶುರು ಮಾಡಲಿ?

ಕೇಂದ್ರದ ಬಗ್ಗೆ ಗ್ರಂಥಾಲಯದಲ್ಲಿ ಊರವರ ಸಭೆ ನಡೆದ ದಿನ ಅವಳು ಎದ್ದುನಿಂತು ಅದನ್ನೇ ಹೇಳಿದಳು. ತಾರ್ಮೊ ವಾದ ಮಾಡಲಿಲ್ಲ. ಯೋಚನೆ ಮಾಡುತ್ತೇನೆ ಎಂದಷ್ಟೇ ಹೇಳಿದ.

ಮುಂದಿನ ವಾರ ಅವನು ಹಳೆಯ ಹಾಯಿಯೊಂದನ್ನು ಹೊತ್ತು ಕಟ್ಟೆಗೆ ಬಂದ. ಒಗೆಯುವುದು ಹೇಗೆ ಎಂದು ಹೆಲ್ಕಾಳನ್ನೇ ಕೇಳಿದ.

"ಬೇರೆ ಗಂಡಸರು ಹೂವು ತರ್ತಾರೆ," ಎಂದರು ಔನೆ ಅಜ್ಜಿ, ಬ್ರಷ್ಷಿನಿಂದ ಕಣ್ಣೆತ್ತದೆ. "ಇವನು ಬೂಷ್ಟು ಹಿಡಿದ ಬಟ್ಟೆ ತಂದಿದಾನೆ."

ಆ ಬೇಸಿಗೆಯಲ್ಲಿ ಅವನು ಎಷ್ಟು ಹಾಯಿ ಒಗೆದನೋ! ಅಷ್ಟೊಂದು ದೋಣಿ ಅವನ ಬಳಿ ಇದ್ದವೋ ಇಲ್ಲವೋ ಎಂದು ಹೆಂಗಸರು ಕಣ್ಣಲ್ಲೇ ನಕ್ಕರು. ಚಿಕ್ಕವನಿದ್ದಾಗ ಬೇರೆಯವರ ಹಾಯಿಗಳನ್ನು ದಡದಲ್ಲಿ ನಿಂತು ನೋಡುತ್ತಿದ್ದುದನ್ನು ಅವನು ಹೆಲ್ಕಾಗೆ ಹೇಳಿದ. ಮುರಿದ ಮದುವೆಯ ಮಾತನ್ನು ಅವಳು ಮೊದಲ ಸಲ ಒಬ್ಬರ ಮುಂದೆ ಅಳದೆ ಹೇಳಿದಳು.

ಚಳಿ ಶುರುವಾಗುವ ಮೊದಲು ಕೇಂದ್ರ ಕಟ್ಟುವ ಶ್ರಮದಾನಕ್ಕೆ ದಿನ ನಿಗದಿಯಾಯಿತು. "ಶನಿವಾರ ಬಾ," ಎಂದ ತಾರ್ಮೊ. "ನಿಂಗೊಂದು ತೋರಿಸ್ಬೇಕು."

ಶನಿವಾರ ಹೆಲ್ಕಾ ಎಲ್ಲರಿಗೂ ಬಟಾಣಿ ಸಾರು ಮಾಡಿ, ಪಾತ್ರೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟಳು. ಉದ್ಯಾನದ ಗೇಟಿನಲ್ಲೇ ಕಾಲೂರಿ ನಿಂತಳು.

ದಂಡೆಯಲ್ಲಿ ಜಮಖಾನದ ಕಂಬಗಳಿರಲಿಲ್ಲ.

ಬರೀ ಗುಂಡಿಗಳು. ಪಕ್ಕದಲ್ಲಿ ಹಾರೆ ಹಿಡಿದು ತಾರ್ಮೊ ಯಾರದೋ ಮಾತಿಗೆ ನಗುತ್ತಿದ್ದ.

ಇದನ್ನಾ ನನಗೆ ತೋರಿಸಬೇಕಿದ್ದುದು...?

ಹೋಗಿ ಕೇಳಬಹುದಿತ್ತು. ಆದರೆ ನಮ್ಮ ಕಡೆ ನಾಲ್ಕು ಜನರ ಮುಂದೆ ಯಾರೂ ಯಾರನ್ನೂ ಹಾಗೆ ಕೇಳುವುದಿಲ್ಲ. ಹೆಲ್ಕಾ ಸೈಕಲ್ ತಿರುಗಿಸಿದಳು.

ಇನ್ನೊಂದೂ ಇದೆ. ಶ್ರಮದಾನಕ್ಕೆ ನಮ್ಮಲ್ಲಿ ಯಾರನ್ನೂ ಎರಡನೇ ಸಲ ಕರೆಯುವುದಿಲ್ಲ. ಕರೆದರೆ ಬಲವಂತ ಮಾಡಿದಂತೆ. ಮನಸ್ಸಿದ್ದವರು ಬರುತ್ತಾರೆ, ಬಾರದವರದು 'ಇಲ್ಲ' ಎಂದೇ ಅರ್ಥ. ಅವಳು ಬರುತ್ತಾಳೆಂದು ತಾರ್ಮೊ ಸಂಜೆಯವರೆಗೂ ಗೇಟು ನೋಡಿದ. ಆಮೇಲೆ ಅದನ್ನೇ ಉತ್ತರವೆಂದುಕೊಂಡು ಸುಮ್ಮನಾದ.

ಕೊನೆಗೆ ಸಹನೆ ಕೆಟ್ಟಿದ್ದು ಔನೆ ಅಜ್ಜಿಗೆ. ಒಂದು ಮಧ್ಯಾಹ್ನ ಹೆಲ್ಕಾಳ ಅಡುಗೆಮನೆಯಲ್ಲಿ ಬಂದು ಕೂತರು.

"ಹೊಸ ಕಂಬದ ಮೇಲೆ ನಿನ್ನ ಜಮಖಾನ ಒಂದೇ ಬಾಕಿ ಕಣೇ. ಯಾಕೆ ಬರ್ತಿಲ್ಲ?"

"ಯಾವ ಹೊಸ ಕಂಬ, ಅಜ್ಜಿ?"

ಹಳೆಯವು ಬುಡದಲ್ಲಿ ಕೊಳೆತಿದ್ದವು. ಅದಕ್ಕೇ ತಾರ್ಮೊ ಅವನ್ನು ಕಿತ್ತು, ಅದೇ ಜಾಗದಲ್ಲಿ ಹೊಸದನ್ನು ನೆಟ್ಟಿದ್ದ. ಹಾಯಿದೋಣಿ ಕೇಂದ್ರವನ್ನು ಆಚೆ ಜೊಂಡು ಬೆಳೆದ ಮೂಲೆಗೆ ಒಯ್ದಿದ್ದ. ಅಜ್ಜಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹೆಲ್ಕಾ ಬಾಗಿಲಲ್ಲಿದ್ದಳು.

ದಂಡೆಯ ಮೇಲೆ ಜಮಖಾನಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಆಚೆ ಮೂಲೆಯಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ಅಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ತಾರ್ಮೊ ಒಬ್ಬನೇ ಜೊಂಡು ಕೊಯ್ಯುತ್ತಿದ್ದ.

"ಇಲ್ಲಿ ಗಾಳಿನೇ ಇಲ್ವಲ್ಲ," ಎಂದಳು.

ಅವನು ಬೆಚ್ಚಿ ತಿರುಗಿದ. "ಸ್ವಲ್ಪ ದೂರ ಹುಟ್ಟು ಹಾಕಿದ್ರೆ ಸಿಗುತ್ತೆ. ಮಕ್ಕಳ ತೋಳಿಗೂ ಬಲ ಬರುತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಶನಿವಾರ ತೋರಿಸೋಣ ಅಂತಿದ್ದೆ. ನೀನು ಬರ್ಲಿಲ್ಲ."

"ಬಂದಿದ್ದೆ ತಾರ್ಮೊ... ಗೇಟಿನವರೆಗೆ. ಕಂಬ ಇರ್ಲಿಲ್ಲ. ನೀನು ನಗ್ತಿದ್ದೆ."

ಕುಡುಗೋಲು ಅವನ ಕೈಯಲ್ಲೇ ಉಳಿಯಿತು. ಅವನು, "ನಿಂಗೆ ನಾನು ಬೇಡ ಅಂದ್ಕೊಂಡೆ," ಎಂದ.

"ನಾನೂ ಹಾಗೇ ಅಂದ್ಕೊಂಡೆ."

ಹೆಲ್ಕಾ ಚಪ್ಪಲಿ ಬಿಟ್ಟು ನೀರಿಗಿಳಿದಳು. ಚಳಿ ಎಲುಬಿಗೆ ಮುಟ್ಟಿತು. ಬರಬೇಡ, ಜ್ವರ ಬರುತ್ತೆ ಎಂದು ಅವನು ಹೇಳುತ್ತಲೇ ಇದ್ದ. ಅವಳು ಅವನೆದುರು ಬಂದು ನಿಂತಳು.

"ನಂಗೆ ಊಹೆ ಮಾಡಿ ಸಾಕಾಗಿದೆ. ಬಾಯಿ ಬಿಟ್ಟು ಹೇಳು. ನಾನು ಇರ್ಲಾ, ಹೋಗ್ಲಾ?"

ಅವನು ಕೆಸರಿನ ಕೈಯನ್ನು ಅಂಗಿಗೆ ಒರೆಸಿಕೊಂಡ. ಅಂಗಿಯಲ್ಲಿ ಅದಕ್ಕಿಂತ ಹೆಚ್ಚು ಕೆಸರಿತ್ತು. ಹಾಗೆಯೇ ಅವಳ ಕೈ ಹಿಡಿದ.

"ಇರು," ಎಂದ. "ಕಟ್ಟೆಗಲ್ಲ, ಕೇಂದ್ರಕ್ಕಲ್ಲ. ನಂಗೋಸ್ಕರ ಇರು."

ಅವಳ ಕಣ್ಣು ತುಂಬಿತು.

"ಇರ್ತೀನಿ... ಮೊದ್ಲು ದಡಕ್ಕೆ ಬಾ. ನಿನ್ನ ತುಟಿ ನೀಲಿಯಾಗಿದೆ."

"ನಿಂದೂ," ಎಂದ ಅವನು, ಕೈ ಬಿಡದೆ.